ಗರ್ಭಿಣಿಯ ಆತಂಕ: ಗುಳಿಗೆ ಬಿಡಿಸುವ ಅವಸರ ಬೇಡ

ಕಳೆದ ಕಾರ್ತಿಕ ಮಾಸದ ಒಂದು ಮುಂಜಾನೆ ಯಲವಿಗಿಯ ನಮ್ಮ ಚಿಕಿತ್ಸಾಲಯಕ್ಕೆ ಒಬ್ಬ ತಾಯಿ ತನ್ನ ಮಗಳನ್ನು ಕರೆತಂದಿದ್ದಳು. ಮಗಳನ್ನು ದಾವಣಗೆರೆಯ ಕಡೆಗೆ ಕೊಟ್ಟಿದೆ. ಎರಡು ತಿಂಗಳ ಚೊಚ್ಚಲ ಬಸಿರು. ಹಿಂದಿನ ಸಂಜೆಯ ರೈಲಿಗೆ ತವರಿಗೆ ಬಂದಿದ್ದಾಳೆ. ತಾಯಿ ಸೆರಗಿನ ಗಂಟು ಬಿಚ್ಚಿ ಅರ್ಧ ಖಾಲಿಯಾದ ಎರಡು ಗುಳಿಗೆಯ ಪಟ್ಟಿಗಳನ್ನು ಮೇಜಿನ ಮೇಲಿಟ್ಟು, “ಇವು ತಲಿ ಗುಳಿಗಿ ಅಂತ್ರಿ. ಹೊಟ್ಯಾಗ ಕೂಸೈತಿ ಅಂತ ಎರಡೂ ಬಿಡಿಸೀವಿ. ಬದಲಿಗೆ ನಿಮ್ಮ ಗಿಡಮೂಲಿಕಿ ಔಷಧಾ ಕೊಡ್ರಿ, ಅದ್ರಿಂದೇನೂ ಆಗೂದಿಲ್ಲ” ಎಂದಳು. ಮಗಳು ಮಾತನಾಡಲಿಲ್ಲ. ಅವಳ ಬೆರಳುಗಳು ಸೀರೆಯ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದವು. ಗುಳಿಗೆ ಬಿಟ್ಟು ಹನ್ನೆರಡು ದಿನಗಳಾಗಿದ್ದವು. ಒಂದು ವಾರದಿಂದ ಅವಳಿಗೆ ನಿದ್ದೆಯಿರಲಿಲ್ಲ. ಎದೆ ಹೊಡೆದುಕೊಳ್ಳುವುದು, ಬೆವರುವುದು, ಈಗಲೇ ಪ್ರಾಣ ಹೋಗುತ್ತದೆಂಬ ಭಯ ದಿನಕ್ಕೆರಡು ಬಾರಿ. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆ ಎರಡು ಪಟ್ಟಿಗಳನ್ನು ತಿರುಗಿಸಿ ಓದಿದೆವು. ಒಂದು ಸರ್ಟ್ರಾಲಿನ್ 50 ಮಿಲಿಗ್ರಾಂ. ಎರಡು ವರ್ಷಗಳ ಹಿಂದೆ ಆತಂಕದ ಆಘಾತಗಳು ಆರಂಭವಾದಾಗ ಅಲ್ಲಿಯ ಮನೋವೈದ್ಯರು ಬರೆದುಕೊಟ್ಟದ್ದು. ಇನ್ನೊಂದು ಫೋಲಿಕ್ ಆಮ್ಲ. ಮಕ್ಕಳಾಗುವ ವಿಚಾರವಿದೆ ಎಂದು ಹುಡುಗಿ ಮೊದಲೇ ತಿಳಿಸಿದ್ದರಿಂದ, ಗರ್ಭಸ್ಥ ಶಿಶುವಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲೆಂದು ಅದೇ ವೈದ್ಯರು ಕೊಟ್ಟದ್ದು. ಮನೆಯವರು ಕೂಸಿನ ಮೇಲಿನ ಪ್ರೀತಿಯಿಂದಲೇ, ಕೂಸಿಗಾಗಿ ಕೊಟ್ಟ ಔಷಧವನ್ನೂ ನಿಲ್ಲಿಸಿಬಿಟ್ಟಿದ್ದರು.

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಋತುಚರ್ಯೆ, ಪಥ್ಯ, ಮನೆಮದ್ದುಗಳ ವಿಷಯ ಬರೆಯುತ್ತ ಬಂದಿದ್ದೇವೆ. ಆಯುರ್ವೇದದ ವೈದ್ಯರು ಮನೋವೈದ್ಯರ ಗುಳಿಗೆಗಳ ವಿಷಯ ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಸವಣೂರು, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಭಾಗದ ಹಳ್ಳಿಗಳಲ್ಲಿ ಇಂಥ ಹೆಣ್ಣುಮಕ್ಕಳನ್ನು ಮನೆಯವರು ಮೊದಲು ಕರೆತರುವುದು ನಮ್ಮಂಥವರ ಬಳಿಗೆ. ಮನೋವೈದ್ಯರ ಬಳಿಗೆ ಹೋದರೆ ಊರು ಆಡಿಕೊಳ್ಳುತ್ತದೆ. ನಮ್ಮ ಬಳಿಗೆ ಬಂದರೆ ಕಷಾಯಕ್ಕೆ ಬಂದಿದ್ದಾರೆ ಎನ್ನುತ್ತದೆ. ಆದ್ದರಿಂದ ಆ ಕ್ಷಣದಲ್ಲಿ ನಮ್ಮ ಬಾಯಿಂದ ಬರುವ ಮಾತಿಗೆ ತೂಕವಿದೆ, ಅಪಾಯವೂ ಇದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗರ್ಭ ನಿಂತಿತೆಂಬ ಒಂದೇ ಕಾರಣಕ್ಕೆ ಆತಂಕದ ಔಷಧವನ್ನು ಯಾರೂ ಸ್ವಂತ ನಿರ್ಧಾರದಿಂದ ಒಮ್ಮೆಲೇ ಬಿಡಬಾರದು, ಮನೆಯವರು ಬಿಡಿಸಬಾರದು. ಆಯುರ್ವೇದ ವೈದ್ಯರಂತೂ ಬಿಡಿಸಿ ತಮ್ಮ ಚೂರ್ಣವನ್ನು ಆ ಜಾಗದಲ್ಲಿ ಕೂಡಿಸಲೇಬಾರದು.

ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. 1996ರ ಬೇಸಿಗೆ, ನಮ್ಮ ತಾಲ್ಲೂಕು ಆಗಿನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಐದು ತಿಂಗಳ ಬಸುರಿ ಒಬ್ಬಳು ನಿದ್ದೆಗಾಗಿ, ಎದೆಬಡಿತಕ್ಕಾಗಿ ಒಂದೂವರೆ ವರ್ಷದಿಂದ ಆಲ್ಪ್ರಜೋಲಾಮ್ ಗುಳಿಗೆಯನ್ನು ದಿನಕ್ಕೆ ಮೂರು ಬಾರಿ ನುಂಗುತ್ತಿದ್ದಳು. ನಮಗಾಗ ಪದವಿ ಬಂದು ಕೆಲವೇ ವರ್ಷಗಳಾಗಿದ್ದವು. ಉತ್ಸಾಹ ಬಹಳ, ಅರಿವು ಕಡಿಮೆ. “ಇಂಗ್ಲಿಷ್ ಔಷಧಿ ಇಂದೇ ಬಿಡಿ” ಎಂದು ಹೇಳಿ ಬ್ರಾಹ್ಮಿ, ಜಟಾಮಾಂಸಿ ಕೂಡಿದ ಚೂರ್ಣವನ್ನು ಕೊಟ್ಟು ಕಳಿಸಿದೆವು. ಮೂರನೆಯ ದಿನ ರಾತ್ರಿ ಆಕೆಗೆ ಸೆಳವು ಬಂದಿತು. ಒಂದರ ಹಿಂದೆ ಒಂದು. ಎತ್ತಿನ ಗಾಡಿಯಲ್ಲಿ ರಸ್ತೆಗೆ ತಂದು, ಅಲ್ಲಿಂದ ಲಾರಿಯಲ್ಲಿ ಹುಬ್ಬಳ್ಳಿಗೆ ಒಯ್ದರು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಅದಕ್ಕೆ ಸೆಳವೇ ಕಾರಣವೆಂದು ಖಚಿತವಾಗಿ ಯಾರೂ ಹೇಳಲಿಲ್ಲ, ನಮ್ಮನ್ನು ಯಾರೂ ದೂರಲಿಲ್ಲ. ಆಕೆಯ ಮಾವ ತಿಂಗಳ ತರುವಾಯ ಬಂದು ಉಳಿದಿದ್ದ ಚೂರ್ಣದ ಹಣವನ್ನು ಕೊಡಲು ನಿಂತಾಗ ನಮಗಾದದ್ದನ್ನು ಇಲ್ಲಿ ವಿವರಿಸಲಾರೆವು.

ಆಲ್ಪ್ರಜೋಲಾಮ್, ಕ್ಲೊನಜೆಪಾಮ್, ಲೊರಜೆಪಾಮ್, ಡಯಜೆಪಾಮ್ ಇವೆಲ್ಲ ಒಂದೇ ಕುಲದ ಔಷಧಗಳು. ಕೆಲವು ವಾರ ಸತತವಾಗಿ ಸೇವಿಸಿದರೆ ಮಿದುಳು ಅವುಗಳಿಗೆ ಒಗ್ಗಿಕೊಳ್ಳುತ್ತದೆ. ನರಗಳ ಉದ್ರೇಕವನ್ನು ತಡೆಯುವ ತನ್ನದೇ ಶಕ್ತಿಯನ್ನು ಅದು ಕುಗ್ಗಿಸಿಕೊಂಡಿರುತ್ತದೆ. ಆಗ ಔಷಧವನ್ನು ತಟ್ಟನೆ ಕಿತ್ತುಕೊಂಡರೆ ಕಟ್ಟೆ ಒಡೆದ ಕೆರೆಯಂತಾಗುತ್ತದೆ: ನಡುಕ, ನಿದ್ರಾಭಂಗ, ಮೊದಲಿಗಿಂತ ಇಮ್ಮಡಿ ಭಯ, ಕೆಲವರಲ್ಲಿ ಸೆಳವು. ಇವು ಗರ್ಭಿಣಿಗೆ ನಿತ್ಯಸೇವನೆಗೆ ಒಳ್ಳೆಯ ಔಷಧಗಳಲ್ಲ ಎಂಬುದೂ ನಿಜವೇ. ಹೆರಿಗೆಯ ಸಮೀಪ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದರೆ ಹುಟ್ಟಿದ ಕೂಸು ಬಟ್ಟೆಯಂತೆ ಸಡಿಲವಾಗಿರಬಹುದು, ಮೊಲೆ ಹಿಡಿಯದಿರಬಹುದು, ಉಸಿರಾಟ ಮಂದವಾಗಬಹುದು. ಆದ್ದರಿಂದ ಕಡಿಮೆ ಮಾಡಬೇಕು. ಆದರೆ ವೈದ್ಯರ ಕಣ್ಣೆದುರು, ವಾರಗಳ ಕಾಲ, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಬಿಡಬೇಕೆಂಬ ಮಾತು ಸರಿಯಿದ್ದಾಗಲೂ ಒಂದೇ ದಿನದಲ್ಲಿ ಬಿಡಿಸುವುದು ತಪ್ಪಾಗಬಹುದೆಂಬುದು ಆ ಬೇಸಿಗೆಯಲ್ಲಿ ನಮಗೆ ತಿಳಿದಿರಲಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ಪದ್ಧತಿಯಿದೆ. ಅತ್ತೆಗೆ ಬರೆದ ನಿದ್ದೆಗುಳಿಗೆ ಸೊಸೆಗೆ, ಸೊಸೆಯದು ನೆರೆಮನೆಯವಳಿಗೆ. ಆಲ್ಪ್ರಜೋಲಾಮ್, ಡಯಜೆಪಾಮ್ ಮುಂತಾದವು 2014ರ ಮಾರ್ಚ್‌ನಿಂದ ಔಷಧ ಕಾನೂನಿನ ಎಚ್-1 ಪಟ್ಟಿಗೆ ಸೇರಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಆದರೂ ಸಂತೆಯ ದಿನ ನಾಲ್ಕು ಗುಳಿಗೆ ಕತ್ತರಿಸಿಕೊಡಿ ಎಂದರೆ ಕತ್ತರಿಸಿಕೊಡುವವರು ಇದ್ದಾರೆ. ಬಸುರಿಯರ ಮನೆಯವರಾದರೂ ಇದಕ್ಕೆ ಕೈಯೊಡ್ಡದಿರಲಿ.

ಗರ್ಭಿಣಿಗೆ ಮನಸ್ಸಿನ ಔಷಧವೆಂದರೆ ಜನ ಏಕಿಷ್ಟು ಹೆದರುತ್ತಾರೆ? ಈ ಹೆದರಿಕೆ ಅಜ್ಞಾನವಷ್ಟೇ ಅಲ್ಲ, ಅದಕ್ಕೊಂದು ಇತಿಹಾಸವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ಗುಳಿಗೆ ಮಾರಾಟಕ್ಕೆ ಬಂದಿತು. ಮನಸ್ಸನ್ನು ಶಾಂತಗೊಳಿಸುವ, ನಿದ್ದೆ ತರುವ, ಬಸುರಿಯರ ಓಕರಿಕೆಯನ್ನು ನಿಲ್ಲಿಸುವ ನಿರಪಾಯ ಔಷಧವೆಂದು ಅದನ್ನು ಚೀಟಿಯೂ ಇಲ್ಲದೆ ಮಾರಿದರು. 1961ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳುವ ವೇಳೆಗೆ ಅನೇಕ ದೇಶಗಳಲ್ಲಿ ಕೈಕಾಲುಗಳು ಬೆಳೆಯದ ಸಾವಿರಾರು ಕೂಸುಗಳು ಹುಟ್ಟಿದ್ದವು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ, ಸುರಕ್ಷತೆಯ ಪುರಾವೆ ಸಾಲದೆಂದು ಪಟ್ಟು ಹಿಡಿದು ಅನುಮತಿ ನೀಡದಿದ್ದುದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು. ಅಂದಿನಿಂದ ಬಸುರಿಗೆ ಔಷಧ ಬರೆಯುವ ಪ್ರತಿಯೊಬ್ಬ ವೈದ್ಯರ ಕೈ ಒಂದು ಕ್ಷಣ ನಿಲ್ಲುತ್ತದೆ, ನಿಲ್ಲಬೇಕಾದದ್ದೇ. ನಿರಪಾಯವೆಂಬ ಮಾತಿಗೆ ಪುರಾವೆ ಕೇಳಬೇಕೆಂದು ಆ ದುರಂತ ಕಲಿಸಿತು. ಎಲ್ಲ ಔಷಧಗಳೂ ಥಾಲಿಡೊಮೈಡ್ ಎಂದು ಅದು ಹೇಳಲಿಲ್ಲ.

ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಮುಂತಾದ ಔಷಧಗಳ ವಿಷಯದಲ್ಲಿ ಈಗ ಲಕ್ಷಾಂತರ ಗರ್ಭಿಣಿಯರ ದಾಖಲೆಗಳಿವೆ. ಯಾವ ಔಷಧವನ್ನೂ ಸೇವಿಸದ ತಾಯಂದಿರಲ್ಲಿಯೂ ನೂರಕ್ಕೆ ಎರಡು ಮೂರು ಕೂಸುಗಳು ಒಂದಲ್ಲ ಒಂದು ಜನ್ಮದೋಷದೊಡನೆ ಹುಟ್ಟುತ್ತವೆ. ಸರ್ಟ್ರಾಲಿನ್ ಸೇವಿಸಿದವರಲ್ಲಿ ಒಟ್ಟಾರೆ ಈ ಪ್ರಮಾಣ ಗಮನಾರ್ಹವಾಗಿ ಏರಿದ್ದು ಕಂಡಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿ ಈ ಬಗೆಯ ಔಷಧ ಸೇವಿಸಿದಾಗ, ನವಜಾತ ಶಿಶುವಿನ ಶ್ವಾಸಕೋಶದ ರಕ್ತನಾಳಗಳಿಗೆ ಸಂಬಂಧಿಸಿದ ಒಂದು ಗಂಭೀರ ತೊಂದರೆ ಸಾವಿರಕ್ಕೆ ಸುಮಾರು ಎರಡು ಇದ್ದದ್ದು ಮೂರು ಆಗಬಹುದು. ಕೆಲವು ಕೂಸುಗಳು ಹುಟ್ಟಿದ ಮೊದಲ ದಿನಗಳಲ್ಲಿ ತುಸು ನಡುಗುತ್ತವೆ, ಹೆಚ್ಚು ಅಳುತ್ತವೆ, ಹಾಲು ಕುಡಿಯಲು ಸತಾಯಿಸುತ್ತವೆ. ಸಾಮಾನ್ಯವಾಗಿ ಅದು ಎರಡು ವಾರದೊಳಗೆ ತಾನಾಗಿ ಅಡಗುತ್ತದೆ. ಆದರೆ ಹೆರಿಗೆ ಮಾಡಿಸುವವರಿಗೆ ಮೊದಲೇ ಗೊತ್ತಿರಬೇಕು. ಇದೇ ಕುಲದ ಪ್ಯಾರಾಕ್ಸಿಟಿನ್ ಹೃದಯದ ದೋಷಕ್ಕೆ ಕಾರಣವಾಗಬಹುದೆಂದು 2005ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಸಿದ್ದರಿಂದ, ಹೊಸದಾಗಿ ಆರಂಭಿಸುವಾಗ ವೈದ್ಯರು ಸಾಮಾನ್ಯವಾಗಿ ಬೇರೆಯದನ್ನು ಆರಿಸುತ್ತಾರೆ.

ತಕ್ಕಡಿಯ ಇನ್ನೊಂದು ತಟ್ಟೆಯನ್ನು ನಮ್ಮ ಮನೆಗಳಲ್ಲಿ ಯಾರೂ ನೋಡುವುದಿಲ್ಲ. ಗುಳಿಗೆ ನುಂಗದಿದ್ದರೆ ಕೂಸಿಗೆ ಏನೂ ಸೋಕುವುದಿಲ್ಲ ಎಂದು ಭಾವಿಸುತ್ತಾರೆ. ಆದರೆ ರಾತ್ರಿಯಿಡೀ ಎದ್ದು ಕುಳಿತ ತಾಯಿ, ಊಟ ಬಿಟ್ಟ ತಾಯಿ, ಸಾಯುತ್ತೇನೆಂದು ದಿನಕ್ಕೆರಡು ಬಾರಿ ನಡುಗುವ ತಾಯಿಯ ರಕ್ತವೇ ಕೂಸಿಗೂ ಆಸರೆ. ತೀವ್ರವಾದ, ಚಿಕಿತ್ಸೆಯಿಲ್ಲದ ಆತಂಕವಿರುವವರಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಕೂಸು, ಬಾಣಂತನದ ಖಿನ್ನತೆ ಹೆಚ್ಚಾಗಿ ಕಂಡುಬಂದಿವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಖಿನ್ನತೆಯ ಔಷಧ ಸೇವಿಸುತ್ತಿದ್ದ 201 ಗರ್ಭಿಣಿಯರನ್ನು ಅನುಸರಿಸಿ ನೋಡಿದರು. ಔಷಧ ಬಿಟ್ಟವರಲ್ಲಿ ಶೇಕಡಾ 68ರಷ್ಟು ಮಂದಿಗೆ ರೋಗ ಮರುಕಳಿಸಿತು. ಮುಂದುವರಿಸಿದವರಲ್ಲಿ ಶೇಕಡಾ 26ರಷ್ಟು ಮಂದಿಗೆ. ಅದು ಖಿನ್ನತೆಯ ಲೆಕ್ಕ, ತಜ್ಞರ ಬಳಿಗೆ ಬಂದ ತೀವ್ರ ರೋಗಿಗಳ ಲೆಕ್ಕ. ಅನಂತರದ ಅಧ್ಯಯನಗಳೆಲ್ಲ ಇಷ್ಟು ದೊಡ್ಡ ಅಂತರವನ್ನು ತೋರಿಸಿಲ್ಲ. ಆದರೂ ನಮ್ಮ ಮುಂದೆ ಕುಳಿತಿದ್ದ ಆ ಹುಡುಗಿಯ ಬೆರಳುಗಳು ಅದನ್ನೇ ಹೇಳುತ್ತಿದ್ದವು.

ಇನ್ನೊಂದು ವಿಚಾರ. ಕೂಸಿನ ಹೃದಯ, ಬೆನ್ನುಹುರಿ, ಕೈಕಾಲು ರೂಪುಗೊಳ್ಳುವುದು ಗರ್ಭದ ಮೊದಲ ಎರಡು ತಿಂಗಳುಗಳಲ್ಲಿ. ಮುಟ್ಟು ನಿಂತು, ಸಂಶಯ ಬಂದು, ಪರೀಕ್ಷೆಯಾಗಿ, ಅತ್ತೆಗೆ ತಿಳಿಯುವಷ್ಟರಲ್ಲಿ ಆ ಕಾಲದ ಬಹುಭಾಗ ಕಳೆದೇ ಹೋಗಿರುತ್ತದೆ. ಆಗ ಗಾಬರಿಯಿಂದ ಗುಳಿಗೆಯನ್ನು ತಿಪ್ಪೆಗೆಸೆದರೆ ಕೂಸಿಗೆ ಸಿಗುವ ಲಾಭ ಅಲ್ಪ, ತಾಯಿಗೆ ಆಗುವ ಹಾನಿ ಅಧಿಕ. ಈ ಲೆಕ್ಕಾಚಾರಕ್ಕೆ ತಕ್ಕ ಸಮಯ ಗರ್ಭಕ್ಕೆ ಮೊದಲು. ಮದುವೆಯಾದ, ಮಕ್ಕಳನ್ನು ಬಯಸುವ ಹೆಣ್ಣುಮಗಳು ಮನಸ್ಸಿನ ಔಷಧ ಸೇವಿಸುತ್ತಿದ್ದರೆ ಅದನ್ನು ವೈದ್ಯರಿಗೆ ಮುಂಚೆಯೇ ಹೇಳಬೇಕು. ರೋಗ ಸೌಮ್ಯವಾಗಿದ್ದು, ಬಹುಕಾಲದಿಂದ ನೆಮ್ಮದಿಯಾಗಿದ್ದವರಿಗೆ ಔಷಧವನ್ನು ನಿಧಾನವಾಗಿ ಇಳಿಸಿ, ಮಾತಿನ ಚಿಕಿತ್ಸೆಯ ಆಸರೆಯಲ್ಲಿ ಗರ್ಭಕ್ಕೆ ಸಿದ್ಧಪಡಿಸುವುದೂ ಸಾಧ್ಯ. ಎಲ್ಲರೂ ಔಷಧ ಮುಂದುವರಿಸಲೇಬೇಕೆಂದು ನಾವು ಹೇಳುತ್ತಿಲ್ಲ. ಮುಂದುವರಿಸುವವರಲ್ಲಿ ಕೆಲವರಿಗೆ ಆರೇಳನೆಯ ತಿಂಗಳಲ್ಲಿ ರಕ್ತದ ಪ್ರಮಾಣ ಹೆಚ್ಚಿ ಔಷಧ ತೆಳುವಾಗುವುದರಿಂದ ಪ್ರಮಾಣವನ್ನು ತುಸು ಏರಿಸಬೇಕಾಗಿ ಬರುವುದೂ ಉಂಟು. ಬಸುರಿಗೆ ಔಷಧ ಏರಿಸಿದರಂತೆ ಎಂದು ಕೇಳಿದ ಕೂಡಲೇ ಆ ವೈದ್ಯರ ಮೇಲೆ ಹರಿಹಾಯಬಾರದು.

ಗರ್ಭಿಣಿಗೆ ನಿಜವಾಗಿ ಬೇಡವಾದ ಔಷಧಗಳೂ ಇವೆ. ಸೋಡಿಯಂ ವಾಲ್‌ಪ್ರೊಯೇಟ್ ಅವುಗಳಲ್ಲಿ ಮುಖ್ಯ. ಮೂರ್ಛೆರೋಗಕ್ಕೂ ಮನಸ್ಸಿನ ಏರಿಳಿತಕ್ಕೂ ಅದನ್ನು ಬರೆಯುತ್ತಾರೆ. ಅದನ್ನು ಸೇವಿಸಿದ ತಾಯಂದಿರ ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಜನ್ಮದೋಷ, ಮೂವತ್ತರಿಂದ ನಲವತ್ತಕ್ಕೆ ಬುದ್ಧಿಯ ಬೆಳವಣಿಗೆಯಲ್ಲಿ ತೊಡಕು ಕಂಡುಬಂದಿದೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇರೆ ಮಾರ್ಗವಿರುವಾಗ ಅದನ್ನು ಕೊಡಬಾರದು. ಇಷ್ಟಾದರೂ, ಅದನ್ನು ಸೇವಿಸುತ್ತಿರುವಾಗಲೇ ಗರ್ಭ ನಿಂತರೆ ಮನೆಯಲ್ಲಿ ಕುಳಿತು ನಿಲ್ಲಿಸುವಂತಿಲ್ಲ, ಅಂದೇ ವೈದ್ಯರನ್ನು ಕಾಣಬೇಕು. ಸೆಳವು ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಇನ್ನು ನಮ್ಮ ಮನೆಯ ಮಾತು. ಗಿಡಮೂಲಿಕೆಯಿಂದ ಏನೂ ಆಗುವುದಿಲ್ಲ ಎಂಬ ಆ ತಾಯಿಯ ನಂಬಿಕೆಯನ್ನು ಬೆಳೆಸಿದವರು ನಾವೇ. ಸರ್ಪಗಂಧವನ್ನೇ ನೋಡೋಣ. ನಿದ್ದೆಗೆ, ಉನ್ಮಾದಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ ಬೇರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದೊತ್ತಡದ ಮೇಲೆ ಅದರ ಪರಿಣಾಮವನ್ನು 1949ರಲ್ಲಿ ಜಗತ್ತಿಗೆ ತಿಳಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಪಾಶ್ಚಾತ್ಯ ಮನೋವೈದ್ಯರು ಬಳಸಿದ ಮೊದಮೊದಲ ಶಮನಕಾರಿಗಳಲ್ಲಿ ಅದೂ ಒಂದು. ಅಂದಮೇಲೆ ನಮ್ಮ ಬೇರು ಸಾತ್ವಿಕ, ಅವರ ಗುಳಿಗೆ ವಿಷ ಎಂಬ ಗೆರೆ ಎಲ್ಲಿಂದ ಬಂತು? ರಿಸರ್ಪಿನ್ ಜರಾಯುವನ್ನು ದಾಟಿ ಕೂಸನ್ನು ಸೇರುತ್ತದೆ. ಹುಟ್ಟಿದ ಕೂಸಿಗೆ ಮೂಗು ಕಟ್ಟಿ ಉಸಿರಾಟಕ್ಕೆ ತೊಂದರೆಯಾಗಬಹುದು, ತಾಯಿಗೆ ಖಿನ್ನತೆ ಬರಬಹುದು. ಇಂದಿಗೂ ಅನೇಕ ನಿದ್ರಾಚೂರ್ಣಗಳಲ್ಲಿ ಸರ್ಪಗಂಧವಿದೆ. ಅಶ್ವಗಂಧವನ್ನು ಗರ್ಭಿಣಿಯರು ಸೇವಿಸಬಾರದೆಂಬುದು ಇಂದು ಎಲ್ಲೆಡೆ ಒಪ್ಪಿದ ಎಚ್ಚರಿಕೆ. ಬಜೆ, ಜಟಾಮಾಂಸಿಗಳಿಗೂ ಇದೇ ಎಚ್ಚರ ಅಗತ್ಯ. ಬ್ರಾಹ್ಮಿಯ ಮೇಲೆ ನಮಗೆ ಅಭಿಮಾನವಿದೆ, ಆದರೆ ಸರ್ಟ್ರಾಲಿನ್‌ಗೆ ಇರುವಷ್ಟು ಗರ್ಭಿಣಿಯರ ದಾಖಲೆ ಬ್ರಾಹ್ಮಿಗೆ ಇಲ್ಲ.

ಭಸ್ಮಗಳ ವಿಷಯದಲ್ಲಂತೂ ಇನ್ನೂ ಕಠಿಣವಾಗಿ ಹೇಳಬೇಕು. 2011 ಮತ್ತು 2012ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷವನ್ನು ಕಂಡಿತು. ಆರೂ ಮಂದಿ ಸೇವಿಸಿದ್ದು ಭಾರತದಿಂದ ಬಂದ ಆಯುರ್ವೇದ ಗುಳಿಗೆಗಳು. ಸೀಸ ತಾಯಿಯ ಮೂಳೆಯಲ್ಲಿ ನೆಲೆಸಿ, ಕೂಸಿನ ಮಿದುಳಿಗೆ ಇಳಿಯುತ್ತದೆ. ವೃತ್ತಿಬಾಂಧವರು ಈ ಸಂಗತಿಯನ್ನು ವಿದೇಶೀಯರ ಕುತಂತ್ರವೆಂದು ತಳ್ಳಿಹಾಕುವುದನ್ನು ಸಭೆಗಳಲ್ಲಿ ಕೇಳಿದ್ದೇವೆ. ನಾವು ಹಾಗೆ ಭಾವಿಸುವುದಿಲ್ಲ. ಯಾವುದೇ ಬಸುರಿಗೆ ಪಾದರಸ, ಸೀಸ ಸೇರಿದ ರಸೌಷಧವನ್ನು, ಅಥವಾ ಒಳಗೇನಿದೆಯೆಂದು ಬರೆಯದ ಪೊಟ್ಟಣವನ್ನು ನಮ್ಮ ಚಿಕಿತ್ಸಾಲಯದಿಂದ ಕೊಡುವುದಿಲ್ಲ.

ಶಾಸ್ತ್ರ ಏನು ಹೇಳುತ್ತದೆಂದು ಕೇಳುವವರಿಗೆ: ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯ ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಗೆ ಹೋಲಿಸುತ್ತದೆ, ಅಲುಗಾಡಿಸದೆ ನೋಡಿಕೊಳ್ಳಬೇಕು. ಆಕೆಗೆ ರೋಗ ಬಂದಾಗ ಮೃದುವಾದ, ಸುಖಕರವಾದ ಉಪಚಾರವನ್ನು ವಿಧಿಸಿ, ವಮನ ವಿರೇಚನಾದಿ ತೀವ್ರ ಕರ್ಮಗಳನ್ನು ನಿಷೇಧಿಸುತ್ತದೆ. ಆದರೆ ಅಲ್ಲಿಯೇ ಒಂದು ವಿನಾಯಿತಿಯನ್ನೂ ಇಟ್ಟಿದೆ: ತುರ್ತು, ಪ್ರಾಣಾಪಾಯದ ವ್ಯಾಧಿಯಲ್ಲಿ ಈ ನಿಷೇಧ ಕಟ್ಟುನಿಟ್ಟಲ್ಲ. ರೋಗವೇ ಚಿಕಿತ್ಸೆಗಿಂತ ಹೆಚ್ಚು ಅಪಾಯಕರವಾಗಬಹುದೆಂದು ಆ ಗ್ರಂಥಕಾರರಿಗೆ ಗೊತ್ತಿತ್ತು. ಸೂತ್ರಸ್ಥಾನದಲ್ಲಿ ಗರ್ಭವನ್ನು ಉಳಿಸುವ ಸಂಗತಿಗಳಲ್ಲಿ ಮನಸ್ಸಿನ ಪ್ರಸನ್ನತೆಯೇ ಶ್ರೇಷ್ಠವೆಂದು ಎಣಿಸಿದ್ದಾರೆ. ಹನ್ನೆರಡು ದಿನ ಗುಳಿಗೆ ಬಿಡಿಸಿ ಮಗಳನ್ನು ನಡುಗಿಸಿದವರು ಆ ಎಣ್ಣೆಯ ಪಾತ್ರೆಯನ್ನೇ ಅಲುಗಾಡಿಸಿದರೆಂದು ನಮಗೆ ತೋರುತ್ತದೆ.

ಎದೆಬಡಿತ, ನಡುಕವೆಲ್ಲ ಮನಸ್ಸಿನದೇ ಎಂದು ತೀರ್ಮಾನಿಸುವುದಕ್ಕೂ ಮುನ್ನ ಎರಡು ರಕ್ತಪರೀಕ್ಷೆಗಳನ್ನು ಮಾಡಿಸಬೇಕು, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್. ನಮ್ಮ ಕಡೆಯ ಬಸುರಿಯರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ಯಾವ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ರಕ್ತ ಕಡಿಮೆಯಾದಾಗ ಎದೆ ಹೊಡೆದುಕೊಳ್ಳುತ್ತದೆ. ಥೈರಾಯ್ಡ್ ಹೆಚ್ಚಾದಾಗ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ಹಗಲೆಲ್ಲ ಕುಡಿಯುವ ಚಹಾವೂ ಪಾಲುದಾರ. ಸವಣೂರಿನ ವೀಳ್ಯದೆಲೆ ನಮಗೂ ಪ್ರಿಯವೇ, ಆದರೆ ಅದರೊಳಗೆ ಮಡಚಿಡುವ ತಂಬಾಕು ಬಸುರಿಯ ಬಾಯಿಗೆ ಹೋಗಕೂಡದು.

ಆ ದಿನ ನಾವು ಚೂರ್ಣ ಕೊಡಲಿಲ್ಲ. ಚೀಟಿಯಲ್ಲಿದ್ದ ಸಂಖ್ಯೆಗೆ ದಾವಣಗೆರೆಯ ವೈದ್ಯರಿಗೆ ಕರೆ ಮಾಡಿದೆವು. ಅವರು ಹುಡುಗಿಯೊಡನೆ ಹತ್ತು ನಿಮಿಷ ಮಾತನಾಡಿ, ಸರ್ಟ್ರಾಲಿನ್ ಅನ್ನು ಯಾವ ಪ್ರಮಾಣದಿಂದ ಮತ್ತೆ ಆರಂಭಿಸಬೇಕೆಂದು ತಿಳಿಸಿದರು. ಫೋಲಿಕ್ ಆಮ್ಲವನ್ನು ಅಂದೇ ಆರಂಭಿಸಲು ಹೇಳಿದರು. ತಾಯಿಗೆ ಸಮಾಧಾನವಾಗಲಿಲ್ಲ. “ನೀವೂ ಅದನ್ನ ಹೇಳಿದ್ರ ಹೆಂಗ್ರಿ” ಎಂದು ಬೇಸರಪಟ್ಟಳು. ಆ ಬೇಸರಕ್ಕೆ ಉತ್ತರವಾಗಿ ಅವಳಿಗೂ ಒಂದು ಕೆಲಸ ಕೊಟ್ಟೆವು. ರಾತ್ರಿ ಮಲಗುವ ಮುನ್ನ ಮಗಳ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕುವುದು, ಒಂದು ಲೋಟ ಹಾಲು, ಸಂಜೆ ಜೊತೆಯಲ್ಲಿ ಅರ್ಧ ಗಂಟೆ ನಡಿಗೆ. ಉಸಿರನ್ನು ಬಿಗಿಹಿಡಿಯುವ ಪ್ರಾಣಾಯಾಮ, ಕಪಾಲಭಾತಿ ಬೇಡ. ನಿಧಾನವಾಗಿ ಉಸಿರು ಬಿಡುವ ಅಭ್ಯಾಸ ಸಾಕು. ಸೋಮವಾರದ ಉಪವಾಸವನ್ನು ಹೆರಿಗೆಯ ತನಕ ಮುಂದೂಡಲು ಹೇಳಿದೆವು. ನಮ್ಮ ಶಾಸ್ತ್ರಕ್ಕೆ ಇಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ, ಅದು ಗುಳಿಗೆಯ ಪಕ್ಕದಲ್ಲಿ ನಿಂತು ಮಾಡುವ ಕೆಲಸ.

ನೆರವು ದೂರವಿಲ್ಲ ಎಂಬುದನ್ನೂ ತಿಳಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿ ಮಾತನಾಡಬಹುದು. ರಾಜ್ಯದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆಯಿದೆ. ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಮನಸ್ಸಿನ ಮಾತನ್ನೂ ಎತ್ತಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪ್ರಭಾ ಚಂದ್ರ ಅವರ ನೇತೃತ್ವದಲ್ಲಿ ಬೆಳೆದ ವಿಭಾಗವು ಬಸುರಿ ಬಾಣಂತಿಯರ ಮನೋರೋಗಕ್ಕೇ ಮೀಸಲಾಗಿದೆ. ತಾಯಿ ಕೂಸನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಾರ್ಡು ಅಲ್ಲಿ 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಹೇಳುತ್ತದೆ. ಆಸ್ಪತ್ರೆಗೆ ಹೋದರೆ ಕೂಸನ್ನು ಕಿತ್ತುಕೊಳ್ಳುತ್ತಾರೆಂದು ಹೆದರಿ ಮನೆಯಲ್ಲೇ ಉಳಿದವರನ್ನು ನಾವು ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇವೆ. ಸಾಯಬೇಕೆನ್ನುವ ಮಾತು, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆಂಬ ಭಯ, ಎರಡು ಮೂರು ರಾತ್ರಿ ಪೂರ್ತಿ ನಿದ್ದೆಗೇಡು, ಇಲ್ಲದ ಧ್ವನಿ ಕೇಳಿಸುವುದು, ಇವುಗಳಲ್ಲಿ ಯಾವುದು ಕಂಡರೂ ಗಾಳಿ ಸೋಕಿದೆಯೆಂದು ನಿಂಬೆಹಣ್ಣು ಇಳಿಸುತ್ತ ಕೂಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮ ಸೀಮೆಯ ಪದ್ಧತಿಯಲ್ಲೇ ಒಂದು ಬಿರುಕಿದೆ. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ತವರಿಗೆ ಕರೆತರುತ್ತೇವೆ. ಹಸಿರು ಬಳೆ, ಬುತ್ತಿ, ಉಡಿ ತುಂಬಿದ ಅಕ್ಕಿ ಎಲ್ಲ ಬರುತ್ತದೆ. ಔಷಧದ ಚೀಟಿ ಮಾತ್ರ ಗಂಡನ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಅಲ್ಲಿಯ ವೈದ್ಯರು ಬರೆದದ್ದು ಇಲ್ಲಿ ಹೆರಿಗೆ ಮಾಡಿಸುವವರಿಗೆ ಗೊತ್ತಿಲ್ಲ. ಬೀಗರಿಗೆ ತಿಳಿಯಬಾರದೆಂದು ತವರಿನವರು, ತವರಿನವರಿಗೆ ತಿಳಿಯಬಾರದೆಂದು ಬೀಗರು ಮುಚ್ಚಿಡುವುದೂ ಉಂಟು. ನಡುವೆ ಹುಡುಗಿ ಹಾಸಿಗೆಯಡಿ ಗುಳಿಗೆ ಬಚ್ಚಿಟ್ಟು, ಒಂದು ದಿನ ನುಂಗಿ ಎರಡು ದಿನ ಬಿಟ್ಟು ದಿನ ದೂಡುತ್ತಾಳೆ. ಔಷಧದ ಹೆಸರು, ಪ್ರಮಾಣ, ಯಾವಾಗಿನಿಂದ, ಬರೆದವರ ದೂರವಾಣಿ ಸಂಖ್ಯೆ, ಇಷ್ಟನ್ನು ಬರೆದ ಒಂದು ಹಾಳೆಯನ್ನು ತಾಯಿ ಕಾರ್ಡಿನೊಳಗೆ ಇಟ್ಟರೆ ಸಾಕು.

ಬಾಣಂತನದಲ್ಲಿ ಅದೇ ಅವಸರ ಮತ್ತೆ ತಲೆ ಎತ್ತುತ್ತದೆ, ಈ ಬಾರಿ ಹಾಲಿನ ಹೆಸರಿನಲ್ಲಿ. ಸರ್ಟ್ರಾಲಿನ್ ಎದೆಹಾಲಿಗೆ ಇಳಿಯುವುದು ಬಹಳ ಅಲ್ಪ. ಹಾಲೂಡುವ ತಾಯಂದಿರಿಗೆ ವೈದ್ಯರು ಅದನ್ನೇ ಹೆಚ್ಚಾಗಿ ಆರಿಸುತ್ತಾರೆ. ರೋಗ ಮರುಕಳಿಸುವ ಸಂಭವ ಹೆಚ್ಚಿರುವುದು ಹೆರಿಗೆಯ ತರುವಾಯದ ವಾರಗಳಲ್ಲಿ; ಆಗ ಔಷಧ ನಿಲ್ಲಿಸುವುದು ಅತ್ಯಂತ ಕೆಟ್ಟ ಸಮಯದಲ್ಲಿ ನಿಲ್ಲಿಸಿದಂತೆ. ಬಾಣಂತಿಗೆ ಖಾರ, ಅಳವಿ ಪಾಯಸ, ಹೊಗೆ ಎಲ್ಲ ಮಾಡುವ ಮನೆಯವರು ರಾತ್ರಿ ಒಂದು ಹೊತ್ತು ಕೂಸನ್ನು ತಾವು ಎತ್ತಿಕೊಂಡು, ತಾಯಿಗೆ ನಾಲ್ಕು ಗಂಟೆ ಮುರಿಯದ ನಿದ್ದೆ ಕೊಟ್ಟರೆ ಅದಕ್ಕಿಂತ ದೊಡ್ಡ ರಸಾಯನ ನಮ್ಮ ಪೆಟ್ಟಿಗೆಯಲ್ಲಿಲ್ಲ.

ಆ ಹುಡುಗಿ ಜ್ಯೇಷ್ಠದಲ್ಲಿ ಹೆತ್ತಳು. ಹೆಣ್ಣುಕೂಸು, ಎರಡು ಕಿಲೋ ಎಂಟುನೂರು ಗ್ರಾಂ. ಮೊದಲ ಮೂರು ದಿನ ತುಸು ಹೆಚ್ಚು ಅತ್ತಿತಂತೆ. ತಾಯಿ ಕಾರ್ಡಿನಲ್ಲಿದ್ದ ಹಾಳೆಯನ್ನು ಓದಿದ್ದ ದಾದಿ ಅದಕ್ಕೆ ಗಾಬರಿಯಾಗಲಿಲ್ಲ. ಕಳೆದ ವಾರ ಅಜ್ಜಿ ಕೂಸನ್ನೆತ್ತಿಕೊಂಡು ನೆಗಡಿಗೆ ಔಷಧ ಕೇಳಲು ಬಂದಿದ್ದಳು. ಮಗಳ ಗುಳಿಗೆ ನಡೆದಿದೆಯೇ ಎಂದು ಕೇಳಿದೆವು. “ನಡದೈತ್ರಿ, ರಾತ್ರಿ ಉಂಡ ಮ್ಯಾಲೆ ನಾನ ಕೈಯಾಗ ಕೊಡ್ತೀನಿ” ಎಂದಳು.